ತಂತಿಯ ಕೆಳಗೆ ಕಂಬಳಿ

ನಮ್ಮ ಕಡೆ ಬೆಂಜೊ ಎಂದರೆ ಮೆತ್ತಗಿನ ವಾದ್ಯವೆಂದು ಯಾರೂ ತಿಳಿಯುವುದಿಲ್ಲ. ಮೊಳಕ್ಕಿಂತ ತುಸು ಉದ್ದದ ಮರದ ಪೆಟ್ಟಿಗೆ, ಅದರ ಮೇಲೆ ಬಿಗಿದ ಉಕ್ಕಿನ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ಒಂದು ಪ್ಲಾಸ್ಟಿಕ್ ಚೂರು ಹಿಡಿದು ತಂತಿ ಮೀಟುತ್ತದೆ. ಅದಕ್ಕೆ ವೈರು ಜೋಡಿಸಿ, ವೈರಿನ ಇನ್ನೊಂದು ತುದಿಗೆ ಲೌಡ್‌ಸ್ಪೀಕರಿನ ಭೋಂಗಾ ಕಟ್ಟಿ, ಗಾಡಿಯ ಮೇಲೇರಿಸಿ ಮದುವೆಯ ಮೆರವಣಿಗೆಯ ಮುಂದೆ ಬಿಟ್ಟರೆ ಮದುಮಗನ ಕುದುರೆ ಬೆದರಬೇಕು, ಬೀದಿಯ ಕಿಟಕಿಗಳು ಗದಗುಟ್ಟಬೇಕು. ಹಾಗೆ ಬಾರಿಸಿದವನೇ ನಮ್ಮಲ್ಲಿ ಒಳ್ಳೆಯ ಬೆಂಜೊದವ. ನನ್ನ ಮೈದುನ, ಅಂದರೆ ನನ್ನ ಗಂಡನ ತಮ್ಮ, ಉಮರ್ಗಾದ ಒಂದು ಬೆಂಜೊ ಪಾರ್ಟಿಯಲ್ಲಿ ಹಾಗೆಯೇ ಬಾರಿಸುತ್ತಿದ್ದ. ಕುರಿ ಕಾಯಲು ಕಳಿಸಿದರೆ ಕುರಿಗಳೇ ಅವನನ್ನು ಕಾಯ್ದುಕೊಂಡು ಮನೆಗೆ ಕರೆತರುತ್ತಿದ್ದವು, ಆದ್ದರಿಂದ ಆ ಕೆಲಸಕ್ಕೆ ಮನೆಯಲ್ಲಿ ಯಾರೂ ಅಡ್ಡ ಬರಲಿಲ್ಲ.

ಈಗ ಅವನ ಹಾಡು ಕೇಳಿದವರು ಇದನ್ನು ನಂಬುವುದಿಲ್ಲ. ಭೋಂಗಾ ಇಲ್ಲ, ಮೈಕು ಇಲ್ಲ. ಬೆಂಜೊವನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಕೂತವರ ಹತ್ತಿರ ಮನೆಯ ಮಾತು ಹೇಳಿದಂತೆ ಹಾಡುತ್ತಾನೆ. ಹುಡುಗರು ಫೋನಿನಲ್ಲಿ ಹಿಡಿದುಕೊಂಡು ಹೋಗುತ್ತಾರೆ, ಹೊಸ ಕಾಲದ ಜಾನಪದ ಅನ್ನುತ್ತಾರೆ. ಯಾರೋ ಒಬ್ಬರು ಅದನ್ನು ಅವನ ಶೈಲಿ ಎಂದು ಬರೆದಿದ್ದರು. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಶೈಲಿಯಂತೆ ಶೈಲಿ! ಅದು ಅವನು ಕೂತು ಯೋಚಿಸಿ ಕಂಡುಕೊಂಡದ್ದಲ್ಲ. ಒಬ್ಬ ಹೆಂಗಸಿನ ಕಿವಿಗೆ ಅಂಜಿ ಅಂಜಿ ಹುಟ್ಟಿದ್ದು. ಆ ಹೆಂಗಸು ನನ್ನ ಅತ್ತೆ.

ದಾಳಿಂಬ ಎಂಬ ಗಡಿಯೂರಿನಲ್ಲಿ ನಮ್ಮದು ಕುರಿಯ ಮನೆ, ಬೀರಪ್ಪನ ಒಕ್ಕಲು. ನಾನು ಗುಂಜೋಟಿಯಿಂದ ಆ ಮನೆಗೆ ಸೊಸೆಯಾಗಿ ಬಂದವಳು. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದೆ. ಅದು ಅತ್ತೆಗೆ ಹೆಮ್ಮೆಯೂ ಹೌದು, ಚೇಷ್ಟೆಗೆ ದಾರಿಯೂ ಹೌದು. "ನಮ್ಮ ಸೊಸಿಗಿ ಕಾಗದಾ ಓದ್ಲಾಕ ಬರ್ತದ, ಹಾಲ ಹಿಂಡ್ಲಾಕ ಬರಲ್ಲ," ಎಂದು ಬಂದವರೆದುರು ಹೇಳುತ್ತಿದ್ದರು. ನಾನು ಬಂದಾಗ ನನ್ನ ನಾದಿನಿಗೆ, ಅತ್ತೆಯ ಒಬ್ಬಳೇ ಮಗಳಿಗೆ, ಇನ್ನೂ ಮದುವೆಯಾಗಿರಲಿಲ್ಲ. ಆ ಮನೆಯಲ್ಲಿ ಹಾಲು ಹಿಂಡುವುದನ್ನೂ, ಅಳುವುದಿದ್ದರೆ ಯಾವ ಮೂಲೆಯಲ್ಲಿ ಕೂತು ಅಳಬೇಕೆಂಬುದನ್ನೂ ನನಗೆ ಕಲಿಸಿದವಳು ಅವಳೇ.

ಕುರಿಮನೆಯ ಒಂದು ಪದ್ಧತಿ ಹೇಳಬೇಕು. ತಾಯಿಕುರಿಗಳು ಬೆಳಿಗ್ಗೆ ಮೇಯಲು ಹೋಗುತ್ತವೆ. ಎಳೆಯ ಮರಿಗಳು ಅಷ್ಟು ದೂರ ನಡೆಯಲಾರವು, ಅವನ್ನು ಮನೆಯ ಹಿಂದಿನ ಹಟ್ಟಿಯಲ್ಲೇ ಕೂಡಿಹಾಕುತ್ತೇವೆ. ಸಂಜೆಯವರೆಗೂ ಅವು ಅವ್ವನಿಗಾಗಿ ಒದರುತ್ತಿರುತ್ತವೆ. ಅವುಗಳಿಗೆ ಸೊಪ್ಪು ಹಾಕುವುದು, ಕಾಲಿನ ಮುಳ್ಳು ತೆಗೆಯುವುದು, ಒದರಾಟ ನಿಲ್ಲಿಸುವುದು ನಾದಿನಿಯ ಕೆಲಸ. ಅದಕ್ಕೆ ಅವಳೇ ಕಟ್ಟಿಕೊಂಡ ಒಂದು ಹಾಡಿತ್ತು. ಬೀಸುಕಲ್ಲಿನ ಹಾಡುಗಳ ಹಾಗೆ ಮೂರೇ ಸಾಲು.

ಕರಿಮರಿಯೆ ಬಾರವ್ವ, ಕಾಲಮುಳ್ಳ ತಗದೇನ
ಮೇಯಾಕ ಹೋದಾಕಿ ನಿಮ್ಮವ್ವ ಬರತಾಳ

ಈ ಎರಡು ಸಾಲು ಮನೆಯವರಿಗೆಲ್ಲ ಬಾಯಿಪಾಠ. ಮೂರನೆಯದನ್ನು ಅವಳು ಮರಿಯ ಹಿಂದೆ ಓಡುತ್ತ ಹಾಡುತ್ತಿದ್ದಳು. ಅಡುಗೆಮನೆಯಲ್ಲಿದ್ದ ನಮಗೆ ಧಾಟಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅತ್ತೆ ಮಾತ್ರ ಹಟ್ಟಿಯ ಬಾಗಿಲಲ್ಲೇ ಕೂತು ಉಣ್ಣೆ ಬಿಡಿಸುತ್ತಿದ್ದರು, ಹೀಗಾಗಿ ಪೂರ್ತಿ ಹಾಡು ಅವರ ಕಿವಿಗೇ ಬೀಳುತ್ತಿತ್ತು. ನಾವ್ಯಾರೂ ಆ ಸಾಲು ಏನೆಂದು ಕೇಳಲಿಲ್ಲ. ದಿನಾ ಕೇಳುವ ಹಾಡಿನ ಮಾತನ್ನು ಯಾರು ಕೇಳಲು ಹೋಗುತ್ತಾರೆ?

ನಾದಿನಿಯನ್ನು ಕೊಟ್ಟಿದ್ದು ಉಮರ್ಗಾದಿಂದ ಉತ್ತರಕ್ಕೆ, ಮರಾಠಿಯೇ ಹೆಚ್ಚಾಗಿದ್ದ ಒಂದು ಊರಿಗೆ. ಒಳ್ಳೆಯ ಜನ, ಗಟ್ಟಿ ಕಲ್ಲಿನ ಮನೆ. ಗೋಡೆ ಎಷ್ಟು ದಪ್ಪ ಎಂದು ಮಾವ ಬಂದವರಿಗೆಲ್ಲ ಕೈಯಗಲಿಸಿ ತೋರಿಸುತ್ತಿದ್ದರು.

ತೊಂಬತ್ಮೂರರ ಭೂಕಂಪದ ಬೆಳಗಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಹಿಂದಿನ ಸಂಜೆ ಗಣಪತಿ ಕಳಿಸುವ ಮೆರವಣಿಗೆಯಲ್ಲಿ ಮೈದುನ ಕೈ ಬಾತುಕೊಳ್ಳುವಷ್ಟು ಬಾರಿಸಿದ್ದ ಎಂಬುದಷ್ಟೇ ಇಲ್ಲಿ ಬೇಕಾದ ಮಾತು. ನಮ್ಮ ಮನೆಯ ಒಂದು ಮೂಲೆ ಬಿತ್ತು, ಹಟ್ಟಿಯ ಗೋಡೆ ಬಿತ್ತು, ನಾವು ಉಳಿದೆವು. ನಾದಿನಿಯ ಊರು ಉಳಿಯಲಿಲ್ಲ. ನನ್ನ ಗಂಡ ಮತ್ತು ಮೈದುನ ಸುದ್ದಿ ಕೇಳಿದ ಕೂಡಲೇ ಹೋದರು. ಆ ದಪ್ಪ ಗೋಡೆಯ ಕಲ್ಲುಗಳನ್ನು ಮೈದುನ ಬರಿಗೈಯಲ್ಲಿ ಸರಿಸಿದನಂತೆ. ಯಾವುದು ಯಾರ ಮನೆ ಎಂಬ ಗುರುತೇ ಉಳಿದಿರಲಿಲ್ಲ. ಮಳೆಯಲ್ಲಿ, ಮುಚ್ಚಿಹೋದ ದಾರಿಯಲ್ಲಿ ಅತ್ತೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಸಿಕ್ಕವರನ್ನೆಲ್ಲ ಒಟ್ಟಿಗೇ ಸುಟ್ಟಾಗಿತ್ತು. ಅದರಲ್ಲಿ ಇವಳಿದ್ದಳೋ, ಕಲ್ಲಿನ ಕೆಳಗೇ ಉಳಿದಳೋ, ಹೇಳುವವರಿರಲಿಲ್ಲ. ನಾವು ಮಣ್ಣು ಕೊಡುವ ಜನ. ಮಗಳಿಗೆ ಒಂದು ಹಿಡಿ ಮಣ್ಣು ಹಾಕಲು ಅತ್ತೆಗೆ ಸಿಗಲಿಲ್ಲ.

ಊರಿಗೆ ಮರಳಿದ ಮೇಲೆ ಅತ್ತೆ ಅಳಲಿಲ್ಲ. ಅವರಿಗೆ ಸದ್ದು ತಡೆಯದಾಯಿತು. ನೆಲ ಅಲುಗುವ ಮುಂಚೆ ಅವರಿಗೆ ಎಚ್ಚರವಿತ್ತು, ಕೆಳಗಿನಿಂದ ಬಂದ ಆ ಗುಡುಗನ್ನು ಕೇಳಿದ್ದರು. "ಭೂಮ್ಯಾಗ ಯಾರೋ ಡೊಳ್ಳ ಬಡದಂಗಾತು," ಎಂದು ಒಮ್ಮೆ ಹೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ. ಟ್ರ್ಯಾಕ್ಟರ್ ಹಾದರೆ ಹೊರಗೆ ಓಡುತ್ತಿದ್ದರು. ಕೊಡ ಕೈಜಾರಿದರೆ ನನ್ನನ್ನು ಹಿಡಿದುಕೊಂಡು ನಡುಗುತ್ತಿದ್ದರು. ನಾವಾಗ ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಇದ್ದೆವು. ಮಳೆ ಬಂದಾಗ ತಗಡಿನ ಸದ್ದಿಗೆ ಅವರು ಒಳಗೆ ಕೂರಲಾರದೆ, ಕಂಬಳಿ ಹೊದ್ದು ಮಳೆಯಲ್ಲೇ ಹೊರಗೆ ಕೂರುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಒಳಗೆ ಬನ್ನಿ ಅನ್ನುವ ಧೈರ್ಯ ಇರಲಿಲ್ಲ.

ಬೀರಪ್ಪನ ಪೂಜೆಗೆ ಡೊಳ್ಳು ಇರಲೇಬೇಕು. ಭೂಕಂಪದ ನಂತರ ಗುಡಿಯಲ್ಲಿ ಮೊದಲ ಸಲ ಡೊಳ್ಳು ಬಡಿದ ದಿನ ಅತ್ತೆ ಪೂಜೆಯ ನಡುವೆಯೇ ಎದ್ದು ಹೋದರು. ಹುಡುಕುತ್ತ ಹೋದರೆ ಯೆಣೆಗೂರಿನ ದಾರಿಯಲ್ಲಿ ಒಂದು ಢಾಬಾದ ಹೊರಗೆ, ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ದರು. ಮೈತುಂಬ ಭಂಡಾರದ ಅರಿಸಿನ. ಡೊಳ್ಳು ನಿಲ್ಲಿಸಿ ಎಂದು ಅವರು ಯಾರನ್ನೂ ಕೇಳಲಿಲ್ಲ. ತಾವೇ ಗುಡಿಗೆ ಹೋಗುವುದನ್ನು ಬಿಟ್ಟರು. ಹುಟ್ಟಿದಾಗಿನಿಂದ ಬೀರಪ್ಪನ ಹೆಸರು ಹೇಳದೆ ನೀರು ಕುಡಿಯದ ಹೆಂಗಸು ಗುಡಿ ಬಿಟ್ಟಳೆಂದರೆ, ಅದು ಉಪವಾಸಕ್ಕಿಂತ ದೊಡ್ಡದು.

ಆ ವರ್ಷ ಸುತ್ತಲಿನ ಊರುಗಳಲ್ಲಿ ಮದುವೆಗಳು ಬಾಜಾ ಇಲ್ಲದೆ ಆದವು. ಬೆಂಜೊ ಪಾರ್ಟಿ ಮುಚ್ಚಿತು. ಮೈದುನ ಬೆಂಜೊ ಹೊತ್ತುಕೊಂಡು ಮನೆಗೆ ಬಂದ. ಅವ್ವನಿಗೆ ಬೀರಪ್ಪನ ಒಂದು ಪದವನ್ನಾದರೂ ಕೇಳಿಸಬೇಕೆಂಬ ಹಟ ಅವನಿಗೆ. ವೈರಿಲ್ಲದೆ, ಭೋಂಗಾ ಇಲ್ಲದೆ ಬಾರಿಸಿ ನೋಡಿದ. ಒಂದು ಮೀಟಿಗೇ ಅತ್ತೆ ಕಿವಿ ಮುಚ್ಚಿಕೊಂಡರು. ಉಕ್ಕಿನ ತಂತಿ ಅಲ್ಲವೇ, ಟಣ್ ಎಂದು ತಗಡಿಗೆ ಬಡಿದು ವಾಪಸು ಬರುತ್ತಿತ್ತು. ತಂತಿ ಸಡಿಲ ಮಾಡಿದ, ಆಗಲಿಲ್ಲ. ಟವೆಲು ಹಾಸಿದ, ಸತ್ತ ಸದ್ದು ಬಂತು. ಕಡೆಗೆ ಅಪ್ಪನ ಹಳೆಯ ಕಂಬಳಿಯ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ ತಂತಿಗಳ ಕೆಳಗೆ ತೂರಿಸಿದ. ಪ್ಲಾಸ್ಟಿಕ್ ಚೂರು ಬಿಟ್ಟು ಹೆಬ್ಬೆರಳಿನ ಮಾಂಸದಿಂದ ಮೀಟಿದ. ಈಗ ಬಂದ ಸದ್ದು ಎಷ್ಟು ಸಣ್ಣದೆಂದರೆ, ಅದರ ಮೇಲೆ ಹಾಡಬೇಕಾದರೆ ಗಂಟಲನ್ನೂ ಇಳಿಸಲೇಬೇಕು. ಅವನು ಇಳಿಸಿದ. ಡೊಳ್ಳಿನ ಪದವನ್ನು ಡೊಳ್ಳಿಲ್ಲದೆ, ಅವ್ವನ ಮುಖ ನೋಡುತ್ತ, ಒಂದೊಂದೇ ಮಾತು ಇಟ್ಟ.

ಅತ್ತೆ ಕಿವಿಯಿಂದ ಕೈ ತೆಗೆದು, "ಹ್ಞಾಂ. ಇಷ್ಟ ಇರಲಿ," ಅಂದರು.

ಅವನ ಶೈಲಿ ಅಂದರೆ ಇದೇ, ಇಷ್ಟೇ ಸಾಕೆಂದ ಅತ್ತೆಯ ಆ 'ಇಷ್ಟ ಇರಲಿ'. ಇವತ್ತಿಗೂ ಯಾವ ಊರಿನಲ್ಲಿ ಕೂತರೂ ಅವನು ಆ ಅಳತೆ ದಾಟುವುದಿಲ್ಲ.

ಊರ ಹಿರಿಯರು ಆಡಿಕೊಂಡರು. "ಇಷ್ಟ ಸಣ್ಣ ಹಾಡಿದ್ರ ಬೀರಪ್ಪ ನಿದ್ದಿ ಹೋಗ್ತಾನಲೋ ತಮ್ಮಾ," ಎಂದು ಡೊಳ್ಳಿನ ಮೇಳದ ಒಬ್ಬ ಕಾಕಾ ಅಂದ.

"ಹೋಗಲಿ ಬಿಡು ಕಾಕಾ," ಅಂದ ಮೈದುನ, "ಅಂವಂಗೂ ನಿದ್ದಿ ಗೆಟ್ಟು ಭಾಳ ದಿನಾ ಆಗ್ಯಾವ."

ಆದರೆ ಸದ್ದಿಗೆ ಅಂಜುತ್ತಿದ್ದವರು ನಮ್ಮ ಅತ್ತೆ ಒಬ್ಬರೇ ಅಲ್ಲ. ನಿಲಂಗಾದ ಕಡೆ, ಉಮರ್ಗಾದ ಕಡೆ ಸಾಲಾಗಿ ಕಟ್ಟಿದ ಹೊಸ ಊರುಗಳಲ್ಲಿ ಒಂದೇ ಅಚ್ಚಿನ ಸಣ್ಣ ಮನೆಗಳು ಎದ್ದವು. ಅಲ್ಲಿ ಕೂಸು ಹುಟ್ಟಿದರೆ, ಮನೆ ಹೊಕ್ಕರೆ ಬಾಜಾ ಬೇಡ ಅನ್ನುವವರೇ ಎಲ್ಲ. ಹಾಗೆಂದು ಸುಮ್ಮನೆ ಮೂಕರ ಹಾಗೆ ಶುಭಕಾರ್ಯ ಮಾಡಲಾದೀತೇ? "ದಾಳಿಂಬದಂವನ್ನ ಕರೀರಿ, ಅಂವಾ ಹಗೂರ ಹಾಡ್ತಾನ," ಎಂಬ ಮಾತು ಬಾಯಿಂದ ಬಾಯಿಗೆ ಹೋಯಿತು. ಬೆಂಜೊವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅವನು ಬಸ್ಸು ಹತ್ತುತ್ತಿದ್ದ. ಕೊಟ್ಟದ್ದು ತೆಗೆದುಕೊಳ್ಳುತ್ತಿದ್ದ. ಒಂದೊಂದು ಸಲ ನಾನೂ ಹೋಗುತ್ತಿದ್ದೆ. ಹೆಂಗಸರು ಗೋಡೆಗೊರಗಿ ಕೂತು, ಸೆರಗು ಬಾಯಿಗಿಟ್ಟು ಕೇಳುತ್ತಿದ್ದರು. ಅಳು ಬಂದರೂ ಅವನ ಹಾಡಿಗಿಂತ ಜೋರಾಗಿ ಅಳುತ್ತಿರಲಿಲ್ಲ.

ಇಷ್ಟೆಲ್ಲ ಹಾಡುತ್ತಿದ್ದವನಿಗೆ ಬೇಕಾಗಿದ್ದು ಮಾತ್ರ ಒಂದೇ ಒಂದು ಸಾಲು, ತಂಗಿಯ ಹಾಡಿನ ಮೂರನೆಯದು. ಕೈಯಿಂದ ಕಲ್ಲು ಸರಿಸಿ ಏನೂ ಸಿಗದೆ ಬಂದವನು ಅವನು. ಆ ಸಾಲೊಂದು ಸಿಕ್ಕರೆ ತಂಗಿಯದು ಎಂದು ಏನಾದರೂ ಕೈಗೆ ಹತ್ತಿದಂತೆ. ಹೊತ್ತು ನೋಡಿ, ಅವ್ವನ ಮುಖ ನೋಡಿ, ಮೆಲ್ಲಗೆ ಕೇಳುತ್ತಿದ್ದ.

"ಅವ್ವಾ, ಅಕೀ ಹಾಡಿಂದು ಕಡೀ ಸಾಲ ಏನಿತ್ತು?"

"ಅದು ನನ್ನ ಕಡೀ ಅದ. ಇರಲಿ."

"ಒಂದ ಸಲ ಹೇಳವ್ವಾ. ನಾ ಯಾರ ಮುಂದೂ ಹಾಡಲ್ಲ."

"ಇರಲಿ ಅಂದ್ನಲ್ಲ."

ಉಳಿದ ಎರಡು ಸಾಲನ್ನೂ ಹಾಡಬಾರದೆಂದು ಅತ್ತೆಯ ಅಪ್ಪಣೆ. ಅವನು ಮೀರಲಿಲ್ಲ. ಧಾಟಿಯನ್ನಷ್ಟೇ, ಮಾತಿಲ್ಲದೆ, ಬೆಂಜೊದಲ್ಲಿ ನುಡಿಸುತ್ತಿದ್ದ. ಮೂರನೆಯ ಸಾಲಿನ ಧಾಟಿ ಬಂದಾಗ ಅತ್ತೆ ಯಾವುದೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಿದ್ದರು. ಹೀಗೆ ವರ್ಷಗಳು ಹೋದವು. ನನಗೆ ತಾಳ್ಮೆ ಕಡಿಮೆ. ಒಮ್ಮೆ ನಾನೇ ಬಾಯಿಬಿಟ್ಟೆ. "ಸತ್ತಾಕಿ ಹಾಡ ಸಂದೂಕಿನ್ಯಾಗ ಇಟ್ಟು ಕೀಲಿ ಹಾಕೀರೇನ್ರೀ ಅತ್ತಿ? ಅಂವಾ ಅಣ್ಣ ಇದ್ದಾನ, ಅಂವಂದೂ ಹಕ್ಕಿಲ್ಲೇನು?" ಎಂದೆ. ಅತ್ತೆ ರೊಟ್ಟಿಯ ಬುಟ್ಟಿಯನ್ನು ನನ್ನ ಮುಂದೆ ಸರಿಸಿ ಹೊರಗೆ ಹೋದರು. ಅದಕ್ಕೆ ನಾನು ಇನ್ನಷ್ಟು ಉರಿದೆ. ಇಷ್ಟು ಗಟ್ಟಿ ಮನಸ್ಸು ಒಳ್ಳೆಯದಲ್ಲ ಎಂದು ಗಂಡನ ಮುಂದೆ ಹೇಳಿಕೊಂಡೆ.

ಹಾಡು ಸಿಗಲಿಲ್ಲ ಎಂಬುದನ್ನೇ ಮೈದುನ ಒಂದು ಹಾಡು ಮಾಡಿದ. ಅವ್ವನ ಕಿವಿಗೆ ಬೀಳದಂತೆ, ಪರ ಊರುಗಳಲ್ಲಿ ಮಾತ್ರ ಹಾಡುತ್ತಿದ್ದ.

ಕಲ್ಲ ಸರಿಸಿ ನೋಡೀನಿ, ಮಣ್ಣ ಜಾಡಿಸಿ ನೋಡೀನಿ
ನನ ತಂಗಿ ಹಾಡ ಸಿಗಲಿಲ್ಲ

ಕನ್ನಡ ಬಲ್ಲವರ ಮನೆಗಳಲ್ಲಿ ಅದಕ್ಕೆ ಒಂದೇ ಅರ್ಥ. ಅದಕ್ಕೆ ಇನ್ನೊಂದು ಅರ್ಥವಿದೆ ಎಂದು ನಮಗೆ ತಿಳಿಯದೇ ಇರಲಿಲ್ಲ. ಕನ್ನಡ, ಮರಾಠಿ ಎರಡನ್ನೂ ಒಂದೇ ಬಾಯಲ್ಲಿ ಆಡುವ ಜನ ನಾವು. ಆದರೆ ಗೊತ್ತಿರುವುದು ಬೇರೆ, ಹೊತ್ತಿಗೆ ಹೊಳೆಯುವುದು ಬೇರೆ.

ಉದಗೀರಿನ ಒಬ್ಬ ಧಾನ್ಯದ ವ್ಯಾಪಾರಿಯ ಮನೆಯಲ್ಲಿ ಮೊಮ್ಮಗನ ತೊಟ್ಟಿಲು ಕಾರ್ಯ. ಶಿವಭಕ್ತರ ಮನೆ, ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ. ಆ ಮನೆಯ ಯಜಮಾನತಿ ನಿಲಂಗಾದಲ್ಲಿ ಎಲ್ಲೋ ಮೈದುನನ ಹಾಡು ಕೇಳಿದ್ದರು, ಕರೆ ಕಳಿಸಿದರು. ನಿಮ್ಮ ಅವ್ವನನ್ನೂ ಕರೆದುಕೊಂಡು ಬಾ, ಹಳೆಯ ಜೋಗುಳಗಳು ಅವರಿಗೇ ಬರುತ್ತವೆ ಎಂದು ಹೇಳಿಕಳಿಸಿದ್ದರು. ಭೂಕಂಪವಾದಾಗಿನಿಂದ ಅತ್ತೆ ಬಸ್ಸು ಹತ್ತಿರಲಿಲ್ಲ. ಆದರೆ, "ತೊಟ್ಟಲಾ ಇದ್ದಲ್ಲಿ ಯಾರೂ ಗದ್ದಲಾ ಮಾಡಲ್ಲ, ಬರ್ತೀನಿ," ಎಂದುಬಿಟ್ಟರು. ನಾವು ಮೂವರೂ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಮೊಣಕೈ ಹಿಡಿದೇ ಕೂತಿದ್ದರು. ಬಸ್ಸಿನ ಗಾಜು ಗದಗುಟ್ಟಿದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು.

ಮಧ್ಯಾಹ್ನದ ಹೊತ್ತು. ಹಜಾರದ ತುಂಬ ಹೆಂಗಸರು, ನಡುವೆ ಹೂವಿನ ತೊಟ್ಟಿಲು. ನೆರೆಹೊರೆಯ ಮರಾಠಿ ಹೆಂಗಸರೂ ಬಂದಿದ್ದರು. ಅತ್ತೆ ಬಾಗಿಲ ಹತ್ತಿರ ಕೂತು ಎರಡು ಜೋಗುಳ ಹೇಳಿಕೊಟ್ಟರು, ಮೈದುನ ಹಾಡಿದ. ಕೂಸು ನಿದ್ದೆ ಹೋಯಿತು. ಎಲ್ಲರಿಗೂ ಸಂತೋಷ. ಅತ್ತೆಯ ಮುಖದಲ್ಲಿ ಅಂಥ ಸಡಿಲವನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ನೀರು ಬೇಕೆಂದು ಅವರು ಎದ್ದು ಒಳಗೆ ಹೋದರು. ಆಗ ಯಜಮಾನತಿ, "ಜೋಗುಳಾ ಸಾಕಪ್ಪಾ, ನೀನೇ ಕಟ್ಟಿದ್ದು ಒಂದ ಹಾಡು, ನಿಲಂಗಾದಾಗ ಹಾಡಿದ್ಯಲ್ಲಾ," ಅಂದರು. ಅವ್ವ ಒಳಗಿದ್ದಾಳೆಂದು ಮೈದುನ ಧೈರ್ಯ ಮಾಡಿದ. ಕಣ್ಣು ಮುಚ್ಚಿ ಹಾಡಿದ. ಕಲ್ಲು ಸರಿಸಿದ, ಮಣ್ಣು ಜಾಡಿಸಿದ, ನನ ತಂಗಿ ಹಾಡ ಸಿಗಲಿಲ್ಲ ಎಂದ. ಆ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುವುದು ಅವನ ರೂಢಿ.

ಮರಾಠಿಯಲ್ಲಿ ಹಾಡ ಎಂದರೆ ಎಲುಬು.

ಮರಾಠಿ ಹೆಂಗಸರ ಸಾಲಿನಲ್ಲಿ ಮೊದಲು ಗುಸುಗುಸು ಎದ್ದಿತು. ಆಮೇಲೆ ಅವರಲ್ಲಿ ಒಬ್ಬ ಹಿರಿಯ ಹೆಂಗಸು, ಬಿಳಿ ಸೀರೆಯ ವಿಧವೆ, ನೆಲಕ್ಕೆ ಕೈಯೂರಿ ಎದ್ದು ನಿಂತಳು. ಭೂಕಂಪದಲ್ಲಿ ಬಿದ್ದ ಊರಿನಿಂದ ಬಂದು ಮಗಳ ಮನೆಯಲ್ಲಿ ಇದ್ದವಳಂತೆ, ಅದು ನಮಗೆ ಆಮೇಲೆ ತಿಳಿಯಿತು. "ಕುಣಾಚೀ ಹಾಡಂ, ಬಾಳಾ?" ಎಂದು ಕೇಳಿದಳು. ಯಾರ ಎಲುಬು, ಮಗನೇ?

ಮೈದುನ ಕಣ್ಣು ಬಿಟ್ಟ. ಏನಾಗಿದೆ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು.

ತೊಟ್ಟಿಲು ಕಟ್ಟಿದ ಮನೆಯಲ್ಲಿ ಎಲುಬಿನ ಮಾತು! ಯಜಮಾನತಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಅವನು ಹಾಡಿದ್ದು ಹಾಡಿನ ಬಗ್ಗೆ ಎಂದು ತಿಳಿದೂ ಇತ್ತು. ಆದರೂ ಹೌಹಾರಿ ಕೂಸನ್ನು ಎತ್ತಿಕೊಂಡರು. "ಅರ್ಥ ಏನರ ಇರಲಿ, ಮಾತ ಬಿತ್ತಲ್ಲೋ ತೊಟ್ಟಲದಾಗ," ಎಂದು ಬೈದರು. ನಾನು ಸುಮ್ಮನಿರಲಾರದೆ ಮರಾಠಿ ಹೆಂಗಸರ ಕಡೆ ತಿರುಗಿ, "ಹಾಡ ಅಂದ್ರ ಗಾಣಂ, ಗಾಣಂ!" ಎಂದು ಅವರ ಮಾತಿನಲ್ಲೇ ಕೂಗಿದೆ. ಹಾಡಿಗೆ ಅವರು ಹಾಗೆ ಅನ್ನುತ್ತಾರೆ. ಈ ಕಡೆ ಕೂತಿದ್ದ ಕನ್ನಡದ ಮುದುಕಿಯೊಬ್ಬಳು, "ಈಗ ಎಣ್ಣಿ ಗಾಣಾ ಯಾಕ ತಂದ್ರವ್ವಾ?" ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು. ಆ ಹೊತ್ತಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

ನೀರಿನ ತಂಬಿಗೆ ಕೈಯಲ್ಲಿ ಹಿಡಿದುಕೊಂಡು ಅತ್ತೆ ಒಳಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಷ್ಟು ಗದ್ದಲದ ನಡುವೆ ಅವರು ನಡುಗಲಿಲ್ಲ, ಓಡಲಿಲ್ಲ. ನೇರವಾಗಿ ಆ ಬಿಳಿ ಸೀರೆಯವಳ ಹತ್ತಿರ ನಡೆದು ಹೋಗಿ, ತಂಬಿಗೆ ಕೆಳಗಿಟ್ಟು, ಅವಳ ಎರಡೂ ಕೈ ಹಿಡಿದುಕೊಂಡರು. ತಮಗೆ ಬರುವ ಮುರುಕು ಮರಾಠಿಯಲ್ಲಿ ಹೇಳಿದರು:

"ಮಾಝೀ ಲೇಕ. ಹಾಡಂ ಮಿಳಾಲೀ ನಾಹೀತ. ಗಾಣಂ ಬೀ ಮಿಳಾಲಂ ನಾಹೀ."

ನನ್ನ ಮಗಳು. ಎಲುಬೂ ಸಿಗಲಿಲ್ಲ. ಹಾಡೂ ಸಿಗಲಿಲ್ಲ.

ಆ ಹೆಂಗಸು ಏನೋ ಕೇಳಿದಳು. ಅತ್ತೆ ಅವಳೊಬ್ಬಳಿಗೇ ಹೇಳುತ್ತಾ ಹೋದರು. ಮರಾಠಿ ಸಾಲದೆ ಹೋದಲ್ಲಿ ಕನ್ನಡ ಬಂತು. ಆ ಸಾಲು ತಮಗೆ ಮರೆತುಹೋಗಿದೆ ಎಂದರು. ಆ ಊರಿನ ಕಲ್ಲುಗುಂಡುಗಳ ಮುಂದೆ ನಿಂತಾಗಲೇ ಹೋಯಿತು, ಅಂದಿನಿಂದ ಬಂದಿಲ್ಲ ಎಂದರು. ಹಟ್ಟಿಯ ಬಾಗಿಲಲ್ಲಿ ಕೂತು ಕೂತು ನೋಡಿದೆ, ಧಾಟಿ ಬರುತ್ತದೆ, ಮಾತು ಬರುವುದಿಲ್ಲ ಎಂದರು. ಮಗ ಕೇಳುತ್ತಾನೆ. ಹೆತ್ತವಳು ಮರೆತಿದ್ದೇನೆಂದು ಯಾವ ಬಾಯಲ್ಲಿ ಹೇಳಲಿ, ನನ್ನ ಹತ್ತಿರ ಇದೆ ಎಂದು ಹೇಳುತ್ತಾ ಬಂದೆ. ಇಷ್ಟು ಹೇಳಿ ಅತ್ತೆ ಅತ್ತರು. ಭೂಕಂಪವಾದ ಮೇಲೆ ನಾನು ಅವರ ಅಳು ನೋಡಿದ್ದು ಅದೇ ಮೊದಲು. ಬಿಳಿ ಸೀರೆಯವಳು ಅವರನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

ಮೈದುನ ಬೆಂಜೊದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತುಬಿಟ್ಟಿದ್ದ. ಇಷ್ಟು ವರ್ಷ ಅವ್ವನ ಹತ್ತಿರ ಇದೆ ಎಂದು ನಂಬಿದ್ದ ಸಾಲು ಎಲ್ಲಿಯೂ ಇರಲಿಲ್ಲ. ಅವನಿಗೆ ಏನಾಯಿತೋ ನಾನು ಹೇಳಲಾರೆ. ಸಿಟ್ಟೆಂದು, ಗಟ್ಟಿ ಮನಸ್ಸೆಂದು ನಾನು ತಿಳಿದುಕೊಂಡದ್ದು ಅತ್ತೆಯ ನಾಚಿಕೆಯಾಗಿತ್ತು.

ಯಜಮಾನತಿ ತೊಟ್ಟಿಲಿಗೆ ಅರಿಸಿನದ ನೀರು ಚಿಮುಕಿಸಿದರು. ಕಳಿಸುವಾಗ ಅತ್ತೆಗೆ ಕುಪ್ಪಸದ ಕಣ ಕೊಟ್ಟು, ಉಡಿ ತುಂಬಿ, "ತಪ್ಪ ತಿಳ್ಕೋಬ್ಯಾಡ್ರಿ, ಮೊಮ್ಮಗಾ ಹನ್ನೆರಡ ವರ್ಷದ ಹರಕಿ," ಅಂದರು. ಅವರದೂ ತಪ್ಪಲ್ಲ. ಬಸ್ಸಿನಲ್ಲಿ ನಿಲಂಗಾ ದಾಟಿದ ಮೇಲೆ ಅತ್ತೆ ನನ್ನ ಮೊಣಕೈ ಬಿಟ್ಟು ನಿದ್ದೆ ಹೋದರು.

ಆಮೇಲೆ ಮೈದುನ ಆ ಸಾಲನ್ನು ಕೇಳಲಿಲ್ಲ. ತಾನು ಕಟ್ಟಿದ ಹಾಡನ್ನೂ ಬಿಟ್ಟ. ಒಂದು ದಿನ ಅತ್ತೆಯೇ, "ಅಕೀವು ಆ ಎರಡ ಸಾಲ ಹಾಡು. ಅವಾದ್ರೂ ಇರಲಿ," ಎಂದರು. ಅಂದಿನಿಂದ ಅವನು ಎರಡು ಸಾಲು ಹಾಡಿ, ಮೂರನೆಯದರ ಜಾಗದಲ್ಲಿ ಬರೀ ಬೆಂಜೊ ನುಡಿಸುತ್ತಿದ್ದ. ಕೇಳಿದವರು ಅಲ್ಲಿ ತಲೆದೂಗುತ್ತಿದ್ದರು, ಮಾತು ಬಿಟ್ಟದ್ದೇ ಎಂಥ ಚೆಂದ ಅನ್ನುತ್ತಿದ್ದರು. ನನಗೆ ಅಲ್ಲಿ ಯಾವ ಚೆಂದವೂ ಕಾಣುತ್ತಿರಲಿಲ್ಲ, ಒಂದು ತೂತು ಕಾಣುತ್ತಿತ್ತು.

ಮರುವರ್ಷದ ಮಾತು. ಹಿಂದಿನ ದಿನ ಹಟ್ಟಿಯಲ್ಲಿ ಒಂದು ಮರಿ ಸತ್ತಿತ್ತು. ಸಂಜೆ ಕುರಿಗಳು ಮರಳಿದವು. ಹಟ್ಟಿಯ ಬಾಗಿಲು ತೆರೆದಾಗ ಆಗುವ ಗಲಾಟೆ ನೋಡಬೇಕು, ಮರಿಗಳೆಲ್ಲ ಒಮ್ಮೆಗೇ ನುಗ್ಗಿ ತಂತಮ್ಮ ಅವ್ವಂದಿರನ್ನು ಹುಡುಕಿ ಹೊಟ್ಟೆಯ ಕೆಳಗೆ ತೂರುತ್ತವೆ. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಯಿತು. ಮರಿ ಸತ್ತ ಕುರಿ ಮಾತ್ರ ಕೆಚ್ಚಲು ಬಿಗಿದುಕೊಂಡು, ಪ್ರತಿಯೊಂದು ಮರಿಯನ್ನೂ ಮೂಸಿ ನೋಡುತ್ತ, ಒದರುತ್ತ ಹಟ್ಟಿಯ ತುಂಬ ತಿರುಗಿತು. ಅತ್ತೆ ಅದರ ಹಿಂದೆ ಹೋಗಿ ಬೆನ್ನು ಸವರುತ್ತ ನಿಂತರು. ಮೈದುನ ಕಟ್ಟೆಯ ಮೇಲೆ ಕೂತು ತನ್ನ ಪಾಡಿಗೆ ಹಾಡುತ್ತಿದ್ದ. ಎರಡು ಸಾಲು ಮುಗಿಸಿ ಬೆಂಜೊಕ್ಕೆ ಬಿಟ್ಟ. ಆಗ ಹಟ್ಟಿಯೊಳಗಿಂದ, ಅದೇ ಧಾಟಿಯ ಮೇಲೆ, ಅತ್ತೆಯ ದನಿ ಬಂತು.

ಹೊತ್ತ ಮುಳಗಿ ಬಂದಾಳ, ಮರಿಯೆಲ್ಲಿ ಅಂತಾಳ

ಮೈದುನನ ಬೆರಳು ಗುಂಡಿಯ ಮೇಲೇ ನಿಂತಿತು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದೆ. ಅವನು ಬೆಂಜೊ ಬಿಟ್ಟು ಹಟ್ಟಿಯ ಗೋಡೆಯವರೆಗೆ ಹೋಗಿದ್ದ.

"ಅವ್ವಾ, ಇದೇ ಏನ ಆ ಸಾಲ? ನೆನಪಾತೇನವ್ವಾ?"

ಅತ್ತೆ ಕುರಿಯ ಬೆನ್ನಿನಿಂದ ಕೈ ತೆಗೆಯಲಿಲ್ಲ, ನಮ್ಮ ಕಡೆ ತಿರುಗಲೂ ಇಲ್ಲ.

"ಅಲ್ಲಪ್ಪಾ. ಅಕೀದು ಹೋತು," ಅಂದರು. "ಇದು ನಂದು."